ಎರಡನೆಯ ‘ಕ’

ಬಸರೀಕಟ್ಟೆಯ ಜೀಪುಗಳಿಗೆಲ್ಲ ಹೆಸರು ಬರೆಯುತ್ತಿದ್ದ ಪೇಂಟರ್ ಅವರು. “ತಡಿ ಮಾರಾಯ, ಕೈ ಬರ್ಲಿ” ಎನ್ನುತ್ತ ಗಾಳಿಯಲ್ಲೊಮ್ಮೆ ಬರೆದು ನೋಡಿಯೇ ಬ್ರಷ್ ಅದ್ದುತ್ತಿದ್ದರು. ಕೊಪ್ಪದ ನನ್ನ ಫ್ಲೆಕ್ಸ್ ಅಂಗಡಿಗೆ ಬಂದವರೂ ಅವರ ಅಕ್ಷರವನ್ನೇ ಕೇಳಿದಾಗ ಹೊಟ್ಟೆ ಉರಿಯುತ್ತಿತ್ತು. ಕಡೆಗೆ ಜೀಪುಗಳ ಫೋಟೊ ತೆಗೆದು, ಆ ಅಕ್ಷರಗಳನ್ನೇ ಕಂಪ್ಯೂಟರಿನಲ್ಲಿ ಫಾಂಟ್ ಮಾಡಿಕೊಂಡೆ.

ಒಂದು ದಿನ ಅವರೇ ಬಂದು, ನಾನು ಪ್ರಿಂಟ್ ಮಾಡಿಟ್ಟಿದ್ದ ‘ಕನಕ ಸ್ಟೋರ್ಸ್’ ಬೋರ್ಡಿನ ಮುಂದೆ ನಿಂತರು. ‘ನನ್ನ ಅಕ್ಷರ ಕದ್ದೆ’ ಎಂದು ಬೈಯಲಿಲ್ಲ. “ಎರಡೂ ‘ಕ’ ಒಂದೇ ತರ ಇದ್ಯಲ್ಲ ಮಾರಾಯ. ಎರಡನೇದಕ್ಕೆ ಬರೋ ಹೊತ್ತಿಗೆ ಬ್ರಷ್ಷಲ್ಲಿ ಬಣ್ಣ ಕಮ್ಮಿ ಆಗಿರ್ತದೆ” ಎಂದು ಹೊರಟರು.

ಅಂದಿನಿಂದ ಎರಡನೆಯ ಸಲ ಬರುವ ಅಕ್ಷರವನ್ನು ನಾನೇ ಕೂತು ಸ್ವಲ್ಪ ತೆಳ್ಳಗೆ ಮಾಡುತ್ತೇನೆ. ಗಿರಾಕಿಗಳಿಗೆ ಗೊತ್ತಾಗುವುದಿಲ್ಲ. ಗೊತ್ತಾಗುವವರು ಅವರೊಬ್ಬರೇ, ಅವರು ಮತ್ತೆ ಬರಲಿಲ್ಲ.