ಕುಲುಕಿದ ಡಬ್ಬ

ಬೆಳಿಗ್ಗೆ ಹನ್ನೊಂದು ಇಪ್ಪತ್ತು. ಗಂಟೆ ಇಷ್ಟು ಖಚಿತವಾಗಿ ನೆನಪಿರಲು ಕಾರಣವಿದೆ. ಗುಬ್ಬಿಯ ಸಣ್ಣ ಖಾಸಗಿ ಆಸ್ಪತ್ರೆಯೊಂದರ ಲ್ಯಾಬಿನಲ್ಲಿ ಕೆಲಸ ನನಗೆ. ಹೆಪಟೈಟಿಸ್ ಬಿ ಪರೀಕ್ಷೆಯ ಕಾರ್ಡಿಗೆ ರಕ್ತದ ಹನಿ ಬಿಟ್ಟು, ಹದಿನೈದು ನಿಮಿಷ ಮುಗಿಯಿತೇ ಎಂದು ಗಡಿಯಾರ ನೋಡಿದ್ದೆ. ಒಂದು ಗೆರೆ ಮೂಡಿದರೆ ಸೋಂಕಿಲ್ಲ, ಎರಡು ಮೂಡಿದರೆ ಇದೆ. ಎರಡು ಮೂಡಿದ್ದವು. ಹರ್ನಿಯಾ ಆಪರೇಷನ್ನಿಗೆಂದು ಬಂದವರ ರಕ್ತ ಅದು. ಬರೆದುಕೊಳ್ಳಲು ಪೆನ್ನು ತೆಗೆಯುವಷ್ಟರಲ್ಲಿ ಹಿಂದಿನಿಂದ "ಅಯ್" ಎಂಬ ಸದ್ದು ಬಂತು. ಜೋರಾಗಿ ಅಲ್ಲ, ಬಿಸಿ ಪಾತ್ರೆ ಮುಟ್ಟಿದವರ ಹಾಗೆ.

ನಮ್ಮ ಆಯಾ. ಐವತ್ತರ ಆಸುಪಾಸಿನವರು, ನಾನು ಅಕ್ಕ ಎನ್ನುತ್ತಿದ್ದೆ. ಅವರ ಕೈಯಲ್ಲಿ ಬಳಸಿದ ಸೂಜಿಗಳ ಬಿಳಿ ಡಬ್ಬ ಇತ್ತು.

ಆ ಡಬ್ಬ ಮುಕ್ಕಾಲು ತುಂಬಿದ ಕೂಡಲೇ ಮುಚ್ಚಿ ಬದಲಿಸಬೇಕು. ಹಾಗೆಂದು ಗೋಡೆಗೆ ಅಂಟಿಸಿದ್ದ ಕಾಗದದಲ್ಲಿ ಇದ್ದದ್ದು ನನ್ನದೇ ಅಕ್ಷರ. ಆದರೆ ಹೊಸ ಡಬ್ಬಕ್ಕೆ ಮ್ಯಾನೇಜರ್ ಸಹಿ ಬೇಕು, ಅವರು ಬರುವುದು ಸೋಮವಾರ, ಅಂದು ಶನಿವಾರ. ಹಾಗಾಗಿ ನಮ್ಮಲ್ಲೊಂದು ರೂಢಿಯಿತ್ತು. ಸೇರಿನಲ್ಲಿ ರಾಗಿ ಅಳೆಯುವಾಗ ಕುಲುಕುತ್ತಾರಲ್ಲ, ಹಾಗೆ ಡಬ್ಬವನ್ನು ಕುಲುಕುವುದು. ಸೂಜಿಗಳು ಕೆಳಗೆ ಕೂತು ಎರಡು ದಿನಕ್ಕೆ ಜಾಗವಾಗುತ್ತಿತ್ತು. "ಅಕ್ಕ, ಸ್ವಲ್ಪ ಕುಲುಕಿಬಿಡಿ, ಸೋಮವಾರದ ತಂಕ ತಳ್ಳಣ" ಎಂದವಳು ನಾನು.

ಡಬ್ಬದ ಬಾಯಿಂದ ಹೊರಚಾಚಿದ್ದ ಸೂಜಿ ತೆಳು ಗ್ಲೌಸನ್ನು ದಾಟಿ ಹೆಬ್ಬೆರಳಿಗೆ ಇಳಿದಿತ್ತು. ಅಕ್ಕ ಆಗಲೇ ಸೊಂಟದ ಎಲೆಯಡಿಕೆ ಚೀಲಕ್ಕೆ ಕೈ ಹಾಕಿದ್ದರು.

"ಏನಿಲ್ಲ ಬುಡವ್ವ, ಒಂಚೂರು ಸುಣ್ಣ ಹಚ್ಚಿದ್ರೆ ಸರೋಯ್ತದೆ."

"ಸುಣ್ಣ ಬೇಡ! ಬೆರಳು ಹಿಂಡಬೇಡಿ!" ಗ್ಲೌಸು ಕಿತ್ತು, ಅವರ ಕೈಯನ್ನು ನಲ್ಲಿಯ ಕೆಳಗೆ ಹಿಡಿದು ಸೋಪು ಹಾಕಿದೆ.

ಡಾಕ್ಟರು ಬಂದು ಕೇಳಿದರು, "ಹೆಪಟೈಟಿಸ್ ಇಂಜೆಕ್ಷನ್ ಮೂರೂ ಹಾಕಿಸ್ಕೊಂಡಿದೀರೇನಮ್ಮ?"

"ಒಂದು ಸಾ."

"ಒಂದೇನಾ? ಯಾಕೆ?"

"ಅದುನ್ನ ಹಾಕ್ಸಿದ್ ದಿನ ತೋಳು ಸೆಟ್ಕೊಂಡು ಕೋಲು ಹಿಡ್ದು ಮುದ್ದೆ ತೊಳ್ಸಕ್ಕೇ ಆಗ್ಲಿಲ್ಲ ಸಾ. ನಮ್ ಯಜಮಾನ್ರು ಅನ್ನ ಉಂಡು ಎಲ್ಡ್ ದಿನ ಮಕ ಊದುಸ್ಕೊಂಡಿದ್ರು."

ಡಾಕ್ಟರು ನಕ್ಕರು. ಮೇಜಿನ ಮೇಲಿದ್ದ ಕಾರ್ಡ್ ನೋಡಿ ನಗು ನಿಲ್ಲಿಸಿದರು.

ಲಸಿಕೆ ನಮ್ಮ ಫ್ರಿಡ್ಜಿನಲ್ಲಿತ್ತು. ಅದರ ಜೊತೆಗೆ, ಮೈಗೆ ಕೂಡಲೇ ರಕ್ಷಣೆ ಕೊಡುವ ಇನ್ನೊಂದು ಇಂಜೆಕ್ಷನ್ ಅಂದೇ ಬೇಕಿತ್ತು. ಗುಬ್ಬಿಯಲ್ಲಿ ಸಿಗಲಿಲ್ಲ. ಐಸ್ ಡಬ್ಬ ಹಿಡಿದು ತುಮಕೂರಿನ ಬಸ್ಸು ಹತ್ತಿದೆ. ಆ ಬೆಳಿಗ್ಗೆ ನಾನು ರಕ್ತ ತೆಗೆದದ್ದು ನಾಲ್ಕು ಜನರಿಂದ, ಅವರಲ್ಲೊಬ್ಬರು ಹರ್ನಿಯಾದವರು. ಡಬ್ಬದಲ್ಲಿ ಎಲ್ಲಕ್ಕಿಂತ ಮೇಲೆ ಇದ್ದದ್ದು ಆ ನಾಲ್ಕು ಸೂಜಿ. ಚುಚ್ಚಿದ್ದು ಯಾರದ್ದು? ದಾರಿಯುದ್ದಕ್ಕೂ ಆ ನಾಲ್ಕನ್ನೇ ಎಣಿಸಿದೆ. ಮೂರನೇ ಮೆಡಿಕಲ್ ಸ್ಟೋರಿನಲ್ಲಿ ಮದ್ದು ಸಿಕ್ಕಿತು. ವಾಪಸು ಬಂದಾಗ ಮೂರೂವರೆ.

"ಈಗ ಎಲ್ಡು ತೋಳೂ ಹೋಯ್ತು," ಎಂದರು ಅಕ್ಕ, ಎರಡು ಕಡೆ ಚುಚ್ಚಿಸಿಕೊಂಡು. "ಇವತ್ತು ನೀನೇ ಬಂದು ಮುದ್ದೆ ತೊಳ್ಸು."

ಕುಲುಕಲು ಹೇಳಿದವಳು ನಾನೆಂದು ಘಟನೆಯ ವರದಿಯಲ್ಲಿ ಬರೆದುಕೊಟ್ಟೆ. ಸೋಮವಾರ ಹೊಸ ಡಬ್ಬಗಳು ಬಂದವು. ಇನ್ನು ಆರು ತಿಂಗಳು ಕಾಯಬೇಕಿತ್ತು. ಸೋಂಕು ತಗುಲಿಲ್ಲ ಎಂದು ಅದಕ್ಕಿಂತ ಮೊದಲು ಖಚಿತವಾಗಿ ಹೇಳುವಂತಿರಲಿಲ್ಲ.

ಕುಣಿಗಲ್ಲಿಗೆ ಕೊಟ್ಟ ಅಕ್ಕನ ಮಗಳಿಗೆ ಆಗ ಎಂಟು ತಿಂಗಳು. ಚೊಚ್ಚಲ ಹೆರಿಗೆ, ತವರಿಗೆ ಬರಬೇಕಾದವಳು. ಅಕ್ಕ ಬರಬೇಡ ಎಂದುಬಿಟ್ಟರು. ಮಗು ಹುಟ್ಟಿತು, ಹೆಣ್ಣು. ಬಾಣಂತನ ಅತ್ತೆಯೇ ಮಾಡಿದರಂತೆ, ಒಂದೊಂದು ಚೊಂಬು ನೀರಿಗೂ ಒಂದೊಂದು ಮಾತು ಸೇರಿಸಿ. ಅಕ್ಕ ಬಾಗಿಲಲ್ಲೇ ನಿಂತು ಮಗು ನೋಡಿ ಬಂದರು. ಮನೆಯಲ್ಲಿ ತಟ್ಟೆ, ಲೋಟ ಬೇರೆ ಮಾಡಿಕೊಂಡರು.

"ಮುಟ್ಟಿದ್ರೆ, ಅಡುಗೆ ಮಾಡಿದ್ರೆ ಹರಡಲ್ಲ ಅಕ್ಕ. ಮಗು ಎತ್ತಿಕೊಳ್ಳಿ."

ಅವರು ನೆಲ ಒರೆಸುತ್ತಲೇ ಹೇಳಿದರು, "ಗೋಡೆ ಮೇಲೂ ನೀನೇ ಬರ್ದಿದ್ದೆ ಕಣವ್ವ. ಆಮೇಲೆ ಕುಲುಕು ಅಂದೋಳೂ ನೀನೇ. ಯಾವ್ದುನ್ನ ನಂಬ್ಲಿ?"

ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ವಾಸಿಯಿತ್ತು.

ತುಮಕೂರಿನ ನನ್ನ ಬಾಡಿಗೆ ಕೋಣೆಯಲ್ಲಿ ಕಣ್ಣು ಹತ್ತಿದರೆ ಸಾಕು, ಡಬ್ಬದೊಳಗೆ ಸೂಜಿಗಳು ಜರುಗುವ ಸದ್ದು. ಒಣ ಹುಣಸೆಬೀಜ ಅಲ್ಲಾಡಿಸಿದ ಹಾಗೆ. ಎದ್ದು ಕೂರುತ್ತಿದ್ದೆ. ಊರಿಗೆ ಹೋದಾಗ ಅಮ್ಮ ಅಣ್ಣನ ಮಗುವಿನ ಗಿಲಕಿ ಆಡಿಸಿದರೂ ಬೆಚ್ಚುತ್ತಿದ್ದೆ.

ಆರು ತಿಂಗಳ ಪರೀಕ್ಷೆಯ ದಿನ ಅಕ್ಕ ಸ್ಟೂಲಿನ ಮೇಲೆ ಕೂತು ಗಡಿಯಾರ ನೋಡಿದರು, ನಾನು ಕಾರ್ಡ್ ನೋಡಿದೆ. ಒಂದೇ ಗೆರೆ. ಹದಿನೈದು ನಿಮಿಷ ಕಳೆದ ಮೇಲೂ ಒಂದೇ. ಡಾಕ್ಟರು ಇನ್ನೊಂದು ಸ್ಯಾಂಪಲ್ ತುಮಕೂರಿನ ದೊಡ್ಡ ಲ್ಯಾಬಿಗೂ ಕಳಿಸಿದರು. ಎರಡು ದಿನದ ನಂತರ ಬಂದ ಕಾಗದವೂ ಅದನ್ನೇ ಹೇಳಿತು.

"ಈ ಸಲ ನಂಬ್ತೀರಾ?" ಎಂದೆ.

"ಭಾನ್ವಾರ ಕುಣಿಗಲ್ಲಿಗೆ ನೀನೂ ಬಾ. ಆಗ ನಂಬ್ತೀನಿ."

ಹೋದೆ. ಬಚ್ಚಲಲ್ಲಿ ಅಕ್ಕ ಮಣೆಯ ಮೇಲೆ ಕಾಲು ನೀಡಿ ಕೂತರು. ಐದು ತಿಂಗಳ ಮೊಮ್ಮಗಳನ್ನು ಕಾಲ ಮೇಲೆ ಮಲಗಿಸಿಕೊಂಡು, ಆ ಹೆಬ್ಬೆರಳಿನಿಂದಲೇ ನೆತ್ತಿಗೆ ಎಣ್ಣೆ ಒತ್ತಿದರು. ನನ್ನ ಕೈಗೆ ಚೊಂಬು ಕೊಟ್ಟು, "ನಿಧಾನ್ವಾಗಿ ಹುಯ್ಯಿ. ಸರಬರ ಅನ್ನಬ್ಯಾಡ," ಎಂದರು. ಮಗು ಕಿರುಚಿ, ಬಿಕ್ಕಿ, ಕೊನೆಗೆ ಸಾಂಬ್ರಾಣಿ ಹೊಗೆಯಲ್ಲಿ ನಿದ್ದೆಹೋಯಿತು.

ಆ ಭಾನುವಾರ ರಾತ್ರಿ ನನ್ನ ಕೋಣೆಯಲ್ಲಿ ನಾನೂ ನಿದ್ದೆ ಮಾಡಿದೆ. ಎಚ್ಚರವಾದಾಗ ಸೋಮವಾರದ ಬಿಸಿಲು ಕಿಟಕಿ ದಾಟಿತ್ತು, ಗುಬ್ಬಿಯ ಬಸ್ಸು ಹೋಗಿಯಾಗಿತ್ತು.