ಕೊಆಲಾ ಎಡಕ್ಕೋ, ಹವಳ ಎಡಕ್ಕೋ

ಅಥವಾ ಎಡಗಡೆ ಇದ್ದದ್ದು ಹವಳವೇ ಇರಬೇಕು. ರಟ್ಟಿನ ಮೇಲೆ ನಾನೇ ಬರೆದ ಚಿತ್ರಗಳಾದರೂ ಯಾವುದು ಎಲ್ಲಿತ್ತೆಂದು ಆಣೆ ಮಾಡಿ ಹೇಳಲಾರೆ. ನೆನಪು ತನಗೆ ಅನುಕೂಲವಾದ ಕಡೆ ಮೊಳೆ ಹೊಡೆದುಕೊಳ್ಳುತ್ತದೆ. ಮರುದಿನದ ವಿಜ್ಞಾನ ಪಾಠಕ್ಕೆ ಅಳಿವಿನ ಭೀತಿಯ ಎರಡು ಜೀವಗಳನ್ನು ಹೋಲಿಸಲು ಹೊರಟಿದ್ದೆ: ಹೊಟ್ಟೆಯ ಚೀಲದಲ್ಲಿ ಮರಿ ಬೆಳೆಸುವ, ನೀಲಗಿರಿ ಎಲೆಯನ್ನೇ ನಂಬಿ ಬದುಕುವ ಕೊಆಲಾ, ಹಿರಿಯರ ಅಸ್ಥಿಯ ಮೇಲೇ ಮನೆ ಕಟ್ಟುತ್ತ ಸಮುದ್ರದೊಳಗೆ ದಿಬ್ಬವಾಗುವ ಹವಳ. ನಗಬೇಡಿ, ಎರಡನ್ನೂ ನಾನು ಕಂಡಿಲ್ಲ. ಯಾದಗಿರಿ ಸ್ಟೇಷನ್ನಿನಲ್ಲಿ ನಿಂತು, ಮದ್ರಾಸಿನ ರೈಲು ಹೋದ ದಿಕ್ಕಿಗೆ ಸಮುದ್ರವನ್ನು ಊಹಿಸಿಕೊಂಡವನ ಪಾಂಡಿತ್ಯ ನನ್ನದು.

ಶಹಾಪುರದ ನಮ್ಮ ಕಟ್ಟೆಯ ಮೇಲೆ ಆಗ ಕುರಿಗಾರ ಭೀಮಪ್ಪ, ಅವನ ಹೆಂಡತಿ ಮಲ್ಲವ್ವ ಕೂತಿದ್ದರು. ರಾಶಿ ಮುಗಿದ ಮೇಲೆ ಪ್ರತಿವರ್ಷ ಅವರ ಹಿಂಡು ಗೊಬ್ಬರಕ್ಕೆಂದು ನಮ್ಮ ಹೊಲದಲ್ಲಿ ತಂಗುತ್ತಿತ್ತು. ಆ ಸಲ ಕಾಲುವೆಗೆ ನೀರು ಬಂದು, ಅಣ್ಣ ಅಲ್ಲಿ ಎರಡನೇ ಭತ್ತ ನಾಟಿ ಮಾಡಿಸಿದ್ದ. ಕುರಿ ಕಾಲೂರಲು ಒಣನೆಲವಿರಲಿಲ್ಲ. ಹಿಂಡು ಮಾರಿ ಪಾಲಿಗೆ ಗದ್ದೆ ಹಿಡಿಯೋಣವೆಂದು ಭೀಮಪ್ಪನ ವಾದ. ಮಲ್ಲವ್ವ ಒಪ್ಪಿರಲಿಲ್ಲ. ದಾರಿಯಲ್ಲಿ ಹುಟ್ಟಿದ ಮರಿಯೊಂದು ಅವಳ ಕಂಬಳಿಯ ಮಡಿಕೆಯಿಂದ ಮೂತಿ ಹೊರಗಿಟ್ಟು ಮಲಗಿತ್ತು.

ಭೀಮಪ್ಪ ರಟ್ಟಿನ ಮೇಲಿನ ಕೊಆಲಾವನ್ನು ಹೆಂಡತಿಗೆ ತೋರಿಸಿದ. “ನಿನ್ನಂಗ ಐತಿ ನೋಡು. ಚೀಲದಾಗ ಮರಿ, ಮಾರಿ ಮ್ಯಾಲ ಸಿಟ್ಟು.”

“ಮತ್ತ ಈ ಕಲ್ಲು ನೀನೇನು?” ಎಂದಳು ಮಲ್ಲವ್ವ.

“ಅದು ಕಲ್ಲಲ್ಲವ್ವ, ಜೀವ ಐತಿ,” ಎಂದೆ ನಾನು. “ಕೂತಲ್ಲೇ ಕೂಡತೈತಿ. ನೀರು ಬಿಸಿ ಆದ್ರ ಬೆಳ್ಳಗಾಗತೈತಿ, ಹಂಗ ಉಳದ್ರ ಸಾಯತೈತಿ.”

“ಎದ್ದು ಹೋಗಬಾರದೇನ್ರಿ ಮಾಸ್ತರ?”

“ಕಾಲಿಲ್ಲ.”

“ಇದಕ ಅದಾವಲ್ಲ?” ಅವಳ ಬೆರಳು ಕೊಆಲಾದ ಮೇಲಿತ್ತು.

“ಅದಾವ. ಆದ್ರ ಇದ್ದ ಗಿಡ ಕಡದ್ರ ಇನ್ನೊಂದು ಗಿಡ ಸಿಗಬೇಕಲ್ಲ.”

“ಹಂಗಾದ್ರ ಎರಡೂ ಒಂದ ಆತು,” ಎಂದ ಭೀಮಪ್ಪ, ಗೆದ್ದವನಂತೆ.

“ಒಂದ ಹೆಂಗ ಅಕ್ಕಾವ? ಒಂದು ಹುಡುಕಿ ಸಾಯತೈತಿ,” ಎಂದು ಮಲ್ಲವ್ವ ಕಂಬಳಿ ಬಿಗಿದುಕೊಂಡು ಎದ್ದಳು.

ಮರುದಿನ ನಾನು ರೋಮ, ಆಹಾರ, ಆವಾಸವೆಂದು ವ್ಯತ್ಯಾಸ ಬರೆಸಿದೆ. ಅವಳ ವ್ಯತ್ಯಾಸ ಬರೆಸಲಿಲ್ಲ. ಭೀಮಪ್ಪ ಕಾಲುವೆಯ ಬದಿಗೆ ಗದ್ದೆ ಹಿಡಿದ. ಮಲ್ಲವ್ವ ತನ್ನ ತಮ್ಮನನ್ನು ಜೊತೆಗೆ ಕರೆದುಕೊಂಡು, ಹಿಂಡು ಹೊಡೆದುಕೊಂಡು ಸುರಪುರದ ಕಡೆ ನಡೆದಳು. ಅವಳು ಬೋನಾಳದ ಕೆರೆ ದಾಟಿದ್ದನ್ನು ಕಂಡವರಿದ್ದಾರೆ.

ರಟ್ಟು ಈಗಿಲ್ಲ. ನಮ್ಮ ಕಟ್ಟೆಯಿಂದ ಸುರಪುರದ ದಾರಿ ಎಡಕ್ಕೆ. ಹಾಗಾಗಿ ಕೊಆಲಾ ಎಡಗಡೆಗಿತ್ತೆಂದು ನೆನಪು ಹಟ ಹಿಡಿಯುತ್ತದೆ. ಇರಬಹುದು. ಅವಳಿಗೆ ಒಣನೆಲ ಸಿಕ್ಕಿತೋ ಇಲ್ಲವೋ, ನನಗೆ ಗೊತ್ತಿಲ್ಲ.