ಹಿಂದಿನ ಮಗ್ಗಲ ಖಾಲಿ ಇದ್ದ ಕಾಗದ

"ವಾಸಂತಿಬಾಯಿ ಮನಿಗೆ ಹೋದ ಕಾಗದ ಅಂದ್ರ ಬಾವಿಗೆ ಬಿದ್ದ ಕೊಡ. ಗ್ರಹಣ ಬಂದ್ರಷ್ಟ ಮ್ಯಾಲೆ ಬರ್ತದ" ಎಂದು ನಾಗಪುರದ ಅಜನಿಯ ಆ ಓಣಿಯ ಕನ್ನಡ ಮಂದಿ ನಗುತ್ತಿದ್ದರು. ಮರಾಠಿ ಮಂದಿಗೆ ಅಷ್ಟುದ್ದ ಮಾತು ಬೇಕಿರಲಿಲ್ಲ. ಅವರಿಗೆ ಆಕೆ 'ಕಾಗದವಾಲಿ ಆಜಿ'.

ಮಾತಿನಲ್ಲಿ ಸುಳ್ಳೇನಿಲ್ಲ. ಲಗ್ನಪತ್ರಿಕೆ, ಹಳೆಯ ಕ್ಯಾಲೆಂಡರು, ಔಷಧಿ ಅಂಗಡಿಯ ಚೀಟಿ, ಯಾವುದೇ ಇರಲಿ, ಒಂದು ಮಗ್ಗಲ ಖಾಲಿ ಇದ್ದರೆ ಸವರಿ ಮಡಿಸಿ ಟ್ರಂಕಿಗೆ ಸೇರಿಸುವರು. ಚಂದ್ರಗ್ರಹಣ ಬಂತೆಂದರೆ ಟ್ರಂಕು ತೆರೆಯುವುದು. ಕಾಗದವನ್ನು ಉದ್ದುದ್ದ ಕತ್ತರಿಸಿ, ಗ್ರಹಣದ ಶ್ಲೋಕ, ಹಿಡಿಯುವ ವೇಳೆ, ಬಿಡುವ ವೇಳೆ ಬರೆದು ಮನೆಮನೆಗೆ ಕೊಡುವರು. ದೋಷವಿದ್ದವರು, ಬಸುರಿಯರು ಆ ಪಟ್ಟಿಯನ್ನು ಹಣೆಗೆ ಕಟ್ಟಿಕೊಳ್ಳಬೇಕು. ಗ್ರಹಣ ಬಿಟ್ಟ ಮೇಲೆ ಅಕ್ಕಿಯೊಡನೆ ದಾನ ಕೊಟ್ಟುಬಿಡಬೇಕು, ಮನೆಯಲ್ಲಿಟ್ಟುಕೊಳ್ಳಬಾರದು.

ಇಷ್ಟು ಶಾಸ್ತ್ರ ಹೇಳುವ ವಾಸಂತಿಬಾಯಿಯೇ ಒಂದು ಪಟ್ಟಿಯನ್ನು ನಲವತ್ತು ವರ್ಷ ದೇವರ ಪೆಟ್ಟಿಗೆಯಲ್ಲಿ ಬಚ್ಚಿಟ್ಟಿದ್ದರು. ಅದರ ಕಥೆ ಇಷ್ಟೇ. ಬಾಗಲಕೋಟೆಯಿಂದ ಲಗ್ನವಾಗಿ ಬಂದ ಮರುವರ್ಷ, ಮಗಳು ಪ್ರಭಾ ಹೊಟ್ಟೆಯಲ್ಲಿದ್ದಳು. ಗಂಡ ರೈಲ್ವೆ ಡ್ಯೂಟಿಗೆ ಹೋಗಿದ್ದರು, ಮನೆಯಲ್ಲಿ ಹಿರಿಯರಿಲ್ಲ, ಹೊರಗೆ ಗ್ರಹಣ. ಒಬ್ಬಳೇ ಹೆದರಿ ಕೂತವಳ ಬಳಿಗೆ ಪಕ್ಕದ ಕ್ವಾರ್ಟರ್ಸಿನ ಕೃಷ್ಣವೇಣಿ ಓಡಿ ಬಂದರು. ರೇಷನ್ ಅಂಗಡಿಯ ಸೀಮೆಎಣ್ಣೆ ಚೀಟಿಯ ಹಿಂದೆ ಶ್ಲೋಕ ಬರೆದು ಹಣೆಗೆ ಕಟ್ಟಿ, "ಅಂಜಬ್ಯಾಡವಾ, ಚಂದ್ರಗ ಬಿಡಿಸ್ಕೊಳ್ಳೋದು ಗೊತ್ತದ" ಎಂದು ಗ್ರಹಣ ಬಿಡುವ ತನಕ ಕೈಹಿಡಿದು ಕೂತರು. ವಾಸಂತಿ ತವರಿನಲ್ಲಿ ಬಾಣಂತನ ಮುಗಿಸಿ ಬರುವಷ್ಟರಲ್ಲಿ ಕೃಷ್ಣವೇಣಿಯ ಗಂಡನಿಗೆ ವರ್ಗವಾಗಿ, ಆ ಮನೆಯಲ್ಲಿ ಬೇರೆಯವರಿದ್ದರು. ಆಡಬೇಕಾದ ಒಂದು ಮಾತು ಬಾಯಲ್ಲೇ ಉಳಿಯಿತು. ಅದನ್ನೇ ಆಕೆ ಗ್ರಹಣಕ್ಕೊಮ್ಮೆ ಇಡೀ ಓಣಿಗೆ ಹಂಚುತ್ತ ಬಂದದ್ದು.

ಈಚೆಗೆ ಎರಡು ತೊಡಕು. ಒಂದು, ಕೈ ನಡುಗುತ್ತಿತ್ತು. ಇನ್ನೊಂದು, ಕಾಗದವೇ ಬರುತ್ತಿರಲಿಲ್ಲ. "ಲಗ್ನಪತ್ರಿಕಿ ಮೊಬೈಲಿನಾಗ ಕಳಸ್ತಾರ. ಅದರ ಬೆನ್ನ ಮ್ಯಾಲೆ ಹೆಂಗ ಬರೀಲಿ?" ಎನ್ನುವರು. ಆದರೂ ಹೋಳಿ ಹುಣ್ಣಿಮೆಯ ಗ್ರಹಣಕ್ಕೆ ಎಂಟು ದಿನ ಕೂತು ಇಪ್ಪತ್ತೇಳು ಪಟ್ಟಿ ಬರೆದು ಹಂಚಿದರು.

ಗ್ರಹಣದ ದಿನ ಬೆಳಿಗ್ಗೆ ಮೇಲಿನ ಮನೆಯ ಶರ್ವಾಣಿ ಪಟ್ಟಿ ಹಿಡಿದು ಇಳಿದು ಬಂದಳು. ಬ್ಯಾಂಕಿನ ಕೆಲಸ, ಆರು ತಿಂಗಳ ಬಸುರಿ. ನಾಗಪುರದಲ್ಲೇ ಬೆಳೆದ ಹುಡುಗಿ, ಕನ್ನಡದಲ್ಲಿ ಅಂಕಿ ಬಿಟ್ಟರೆ ಬೇರೇನೂ ಓದಲು ಬಾರದು.

"ಆಜಿ, ಟೈಮ್ ಬರೋಬರ್ ಇಲ್ಲ. ಇವತ್ತ ಚಂದ್ರ ಗ್ರಹಣ ಹಿಡ್ಕೊಂಡ ಹುಟ್ತಾನ, ಹುಟ್ಟೋ ಟೈಮ್ ಅಂದ್ರನ ಹಿಡಿಯೋ ಟೈಮ್. ನೀವು ಬರ್ದದ್ದು ಎಲ್ಲೀ ಚಂದ್ರ?"

"ಊರಿಂದ ಬಂದ ಪಂಚಾಂಗ ನೋಡಿ ಬರ್ದೀನಿ."

"ಅದು ಬಾಗಲಕೋಟಿ ಚಂದ್ರ. ನಮ್ಮಲ್ಲಿ ಹತ್ತು-ಹದಿನೈದು ಮಿನಿಟ್ ಮೊದಲ ಹುಟ್ತಾನ, ಮೊಬೈಲ್‌ನಾಗ ನೋಡ್ರಿ."

ವಾಸಂತಿಬಾಯಿ ಪಟ್ಟಿ ಇಸಕೊಂಡು ಕಣ್ಣ ಹತ್ತಿರ ಹಿಡಿದು ನೋಡಿದರು. "ಲಗ್ನಾಗಿ ಬಂದು ನಲವತ್ತ ವರ್ಷಾತು, ಇನ್ನೂ ತವರಮನಿ ಚಂದ್ರನ್ನ ನೋಡ್ಲಿಕತ್ತೀನಲ್ಲವಾ!"

"ಜಾನೇ ದೋ ಆಜಿ, ಗ್ರುಪ್‌ನಾಗ ಮೆಸೇಜ್ ಹಾಕ್ತೀನಿ."

"ಮೆಸೇಜ್ ಹಾಕು. ಆದ್ರ ಚೀಟಿ ಮ್ಯಾಲಿನ ತಪ್ಪು ಹಂಗ ಉಳೀತದ. ಅದನ್ನ ಹಣಿಗೆ ಕಟ್ಕೋತಾರ." ನಡುಗುವ ತಮ್ಮ ಬೆರಳುಗಳನ್ನು ನೋಡಿಕೊಂಡರು. ಎಂಟು ದಿನದ ಕೆಲಸ, ಉಳಿದದ್ದು ಅರ್ಧ ದಿನ.

ಶರ್ವಾಣಿ ಮೇಜಿನ ಮೇಲಿನ ಪೆನ್ನು ತೆಗೆದುಕೊಂಡು ಚಪ್ಪಲಿ ಮೆಟ್ಟಿದಳು.

ಮರಳಿ ಬಂದಾಗ ಮೂರು ಗಂಟೆ. ತನ್ನದೂ ಸೇರಿ ಇಪ್ಪತ್ತೇಳೂ ಪಟ್ಟಿಯ ಅಂಕಿ ತಿದ್ದಿ ಬಂದಿದ್ದಳು. ಹೆಗಲಲ್ಲಿ ಒಂದು ಚೀಲ.

"ಇದೇನ ತಂಗಿ?"

"ಕಾಗದ. ಯಾರ ಮನಿಗೆ ಹೋದ್ರೂ 'ಆಜಿಗಂತ ಇಟ್ಟೀವಿ' ಅಂತ ಕೊಟ್ರು. ರುದ್ರಪ್ಪ ಕಾಕಾ ಅಂತೂ, 'ಟೈಮ್ ತಪ್ಪಿದ್ರ ತಪ್ಪಲಿ, ಬಾಯಾರ ಅಕ್ಷರ ಭಾಳ ಚಂದ ಐತಿ' ಅಂದ್ರು."

ವಾಸಂತಿಬಾಯಿ ಚೀಲದಲ್ಲಿ ಕೈಯಾಡಿಸಿದರು. ಪಾರ್ಸೆಲ್ಲಿನ ರಟ್ಟು, ಮಕ್ಕಳ ಪ್ರಶ್ನೆಪತ್ರಿಕೆ, ಕರೆಂಟು ಬಿಲ್ಲು. ಎಲ್ಲದರ ಒಂದು ಮಗ್ಗಲ ಖಾಲಿ. ಒಂದೊಂದನ್ನೇ ತೆಗೆದು ಸವರಿ ಮಡಿಸತೊಡಗಿದರು.

ಸಂಜೆ ಶರ್ವಾಣಿ ತನ್ನ ಪಟ್ಟಿ ತಂದು ಎದುರಿಗೆ ಕೂತಳು. "ನನಗೂ ಕಟ್ರಿ."

"ನಿನಗ ಇದ್ರಾಗ ನಂಬಿಕಿ ಅದ ಏನು?"

"ಇಲ್ಲ. ಆದ್ರ ಇಪ್ಪತ್ತಾರು ಮನಿ ಹತ್ತಿ ಇಳದೀನಿ, ನಂದೊಂದು ಯಾಕ ಬಿಡ್ಲಿ?"

ನಗುತ್ತಲೇ ಕಟ್ಟಿದರು. ಆರೂ ನಲವತ್ತೇಳಕ್ಕೆ ಗ್ರಹಣ ಬಿಡುವ ತನಕ ಅವಳ ಕೈ ಹಿಡಿದುಕೊಂಡೇ ಕೂತರು.

ಜೂನ್ ಹೊತ್ತಿಗೆ ಶರ್ವಾಣಿಯ ಮಡಿಲಲ್ಲಿ ಗಂಡುಕೂಸು. ಒಂಟಿಯಾಗಿದ್ದ ವಾಸಂತಿಬಾಯಿಯ ಕೈಗೆ ಗ್ಯಾಸು ಹಚ್ಚುವುದೂ ಆಗದಾಯಿತು. ಬುಟಿಬೋರಿಯ ಕಾರ್ಖಾನೆಯಲ್ಲಿದ್ದ ಪ್ರಭಾ ಟೆಂಪೋ ತಂದು, "ನಡಿ ಅವ್ವಾ, ನನ್ನ ಮನ್ಯಾಗ ಇರು" ಎಂದಳು. ಟ್ರಂಕು ಮಾತ್ರ ಟೆಂಪೋ ಹತ್ತಲಿಲ್ಲ, ಮೇಲಿನ ಮನೆಗೆ ಹೋಯಿತು; ಮುಂದಿನ ಪಟ್ಟಿಗಳನ್ನು ತಾನೇ ನಾಗರಿ ಅಕ್ಷರದಲ್ಲಿ ಬರೆಯುತ್ತೇನೆಂದು ಶರ್ವಾಣಿ ಕೇಳಿದ್ದಳು. ಅದರ ಹಿಂದೆಯೇ ವಾಸಂತಿಬಾಯಿ ನಿಧಾನ ಮೆಟ್ಟಿಲು ಹತ್ತಿ, ಸೀಮೆಎಣ್ಣೆ ಚೀಟಿಯನ್ನು ಒಂದು ಹಿಡಿ ಅಕ್ಕಿಯೊಡನೆ ಶರ್ವಾಣಿಯ ಕೈಗಿಟ್ಟರು.

"ನಲವತ್ತ ವರ್ಷದ ಹಿಂದನ ಕೊಡಬೇಕಾಗಿತ್ತು. ಈಗ ಬಿಡ್ತು ನೋಡು ನನ್ನ ಗ್ರಹಣ."

ಕೆಳಗಿಳಿದು, ಮನೆಗೆ ಬೀಗ ಹಾಕಿಸಿ, ಹೊಸ್ತಿಲು ಮುಟ್ಟಿ ಕಣ್ಣಿಗೊತ್ತಿಕೊಂಡರು. ಗೇಟಿನ ಬಳಿ ರುದ್ರಪ್ಪ ಅಡ್ಡ ಬಂದು ಒಂದು ಲಗ್ನಪತ್ರಿಕೆ ಚಾಚಿದ. "ಬಾಯಾರ, ಅಪರೂಪಕ್ಕ ಒಂದು ಬಂದೈತ್ರಿ. ಹಿಂದಿನ ಮಗ್ಗಲ ಖಾಲಿ ಐತಿ."

ಹಳೆಯ ರೂಢಿಯಂತೆ ಕೈ ಮುಂದೆ ಹೋಯಿತು. ತಿರುಗಿಸಿ ನೋಡಿ, ಅಂಗೈಯಿಂದ ಒಮ್ಮೆ ಸವರಿ, ಮರಳಿ ಅವನ ಕೈಗೇ ಕೊಟ್ಟರು.

"ಮ್ಯಾಲೆ ಕೊಡ್ರಿ ರುದ್ರಪ್ಪ, ಮ್ಯಾಲೆ" ಎಂದು ಶರ್ವಾಣಿಯ ಬಾಗಿಲು ತೋರಿಸಿ, ಟೆಂಪೋ ಹತ್ತಿದರು.